ಪದ ಕಾಯುವಷ್ಟು ಹೊತ್ತು: ನಮ್ಮೂರಿನ ಕಲಾ ಪ್ರದರ್ಶನ ಮತ್ತು ಭಜನಾ ರಾತ್ರಿಯ ಒಂದು ಪ್ರಕರಣ

ನಮ್ಮೂರು ಕೊಪ್ಪಳದಿಂದ ಅರ್ಧ ಗಂಟೆ ದಾರಿ. ಒಂದು ಮಠ, ಎರಡು ಭಜನಾ ಮೇಳ, ಒಂದು ಹೈಸ್ಕೂಲು, ಒಂದು ಸಮುದಾಯ ಭವನ. ಇಲ್ಲಿ ನಾವು ಏಳೆಂಟು ಜನ ಸೇರಿ ಒಂದೇ ಕಾರ್ಯಕ್ರಮವನ್ನು ಎರಡು ವರ್ಷ ಮಾಡಿದೆವು. ಹಗಲು ಕಲಾ ಪ್ರದರ್ಶನ, ರಾತ್ರಿ ಹಾಡು. ಮೊದಲ ಸಲ ಕೆಟ್ಟಿತು, ಎರಡನೇ ಸಲ ಕೂಡಿ ಬಂತು. ಊರು ಅದೇ, ಭವನ ಅದೇ, ಹೆಚ್ಚುಕಮ್ಮಿ ಕಲಾವಿದರೂ ಅವರೇ. ದುಡ್ಡಂತೂ ಎರಡನೇ ಸಲ ಅರ್ಧಕ್ಕಿಂತ ಕಡಿಮೆ. ಹಾಗಾದರೆ ಬದಲಾಗಿದ್ದು ಏನು? ಸುತ್ತಲಿನ ಊರುಗಳ ಹುಡುಗರು ಇಂಥದ್ದನ್ನೇ ಮಾಡಲು ಹೊರಟಿದ್ದಾರೆ, ನಮ್ಮನ್ನು ಕೇಳುತ್ತಿದ್ದಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ಮೊದಲು ಯಾರು ಯಾರು ಇದ್ದರು ಅಂತ ಹೇಳಿಬಿಡುತ್ತೇನೆ. ಕಿನ್ನಾಳದಿಂದ ಕಟ್ಟಿಗೆಯ ಗೊಂಬೆ ಮಾಡುವ ಒಬ್ಬ ಹಿರಿಯ ಚಿತ್ರಗಾರರು. ಕಿನ್ನಾಳ ಗೊಂಬೆ ನಮ್ಮ ಜಿಲ್ಲೆಯ ಹೆಸರಿನ ಜೊತೆಗೇ ಬರುವ ಕಲೆ, ಅದಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಹಂಪಿಯ ವಿರೂಪಾಕ್ಷ ಗುಡಿಯ ಮಂಟಪದ ಮಾಳಿಗೆಗೆ ಚಿತ್ರ ಬರೆದವರು ಈ ಚಿತ್ರಗಾರ ಮನೆತನಗಳ ಹಿರೀಕರು ಎಂಬ ಮಾತು ಅವರಲ್ಲಿ ಈಗಲೂ ಇದೆ. ಆಮೇಲೆ ಹಳೆ ಬಟ್ಟೆಯ ಪದರ ಸೇರಿಸಿ ಕೌದಿ ಹೊಲಿಯುವ ನಮ್ಮೂರಿನ ಹೆಣ್ಣುಮಕ್ಕಳು. ಶಾಲೆ ಮಕ್ಕಳ ಚಿತ್ರಗಳು. ಹಾಡಿಗೆ ನಮ್ಮ ಎರಡು ಮೇಳಗಳು. ಹಾರ್ಮೋನಿಯಂ, ತಬಲಾ, ದಮ್ಮಡಿ ಅನ್ನುವ ಚರ್ಮವಾದ್ಯ, ತಾಳ. ಇವರು ಹಾಡುವುದು ಹೆಚ್ಚಾಗಿ ತತ್ವಪದ. ಶಿಶುನಾಳ ಶರೀಫರದು, ಕಡಕೋಳ ಮಡಿವಾಳಪ್ಪನವರದು, ಜೊತೆಗೆ ಇನ್ನೆಲ್ಲೂ ಅಚ್ಚಾಗದ, ಬಾಯಿಂದ ಬಾಯಿಗೆ ಬಂದ ಒಂದಿಷ್ಟು. ಅಮವಾಸ್ಯೆಗೆ ಮಠದಲ್ಲಿ ಕೂತರೆ ಬೆಳಗಿನ ತನಕ ಹಾಡುವ ಜನ ಇವರು.

ಮೊದಲ ವರ್ಷ ನಾವು ಎಲ್ಲರೂ ಮಾಡುವ ಹಾಗೆಯೇ ಮಾಡಿದೆವು. ಭವನದ ಹೊರಗೆ ಶಾಮಿಯಾನ, ವೇದಿಕೆ, ದೊಡ್ಡ ಫ್ಲೆಕ್ಸು. ಒಳಗೆ ಟೇಬಲ್ ಸಾಲು, ಬಿಳಿ ಬಟ್ಟೆ, ಅದರ ಮೇಲೆ ಗೊಂಬೆ. ಪಕ್ಕದಲ್ಲಿ ಕೌದಿಗಳನ್ನು ಅಂಗಡಿಯಲ್ಲಿ ಸೀರೆ ಮಡಚಿಟ್ಟಂತೆ ಮಡಚಿ ಒಂದರ ಮೇಲೊಂದು ಇಟ್ಟಿದ್ದೆವು. ‘ದಯವಿಟ್ಟು ಮುಟ್ಟಬೇಡಿ’ ಅಂತ ನಾನೇ ನನ್ನ ಕೈಯಾರೆ ಬರೆದು ಅಂಟಿಸಿದ್ದೆ. ಆ ಚೀಟಿ ನೆನಪಾದರೆ ಈಗಲೂ ಬೇಜಾರಾಗುತ್ತದೆ. ಜನ ಬಾಗಿಲ ತನಕ ಬಂದರು, ಇಣುಕಿದರು, ಹೋದರು. ಒಳಗೆ ಬಂದವರು ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿ, ‘ಇದಕ್ಕ ಎಷ್ಟ್ರಿ?’ ಅಂತ ಕೇಳಿ, ಉತ್ತರ ಕೇಳಿ ಸುಮ್ಮನಾದರು. ಎರಡು ಗೊಂಬೆ ಮಾರಿದವು. ಕೌದಿಯನ್ನು ಯಾರೂ ಬಿಚ್ಚಿ ನೋಡಲಿಲ್ಲ. ಹೇಗೆ ನೋಡುತ್ತಾರೆ? ಕೌದಿಯ ಚೆಂದ ಇರುವುದು ಹೊಲಿಗೆಯಲ್ಲಿ. ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ನಡುವಿಗೆ ಬರುವ ಸಣ್ಣ ಸಣ್ಣ ಹೊಲಿಗೆಯ ಸಾಲು, ಆ ಸಾಲುಗಳ ನಡುವೆ ಬಟ್ಟೆ ಉಬ್ಬಿ ನಿಲ್ಲುವ ರೀತಿ. ಅದು ಕಾಣಬೇಕಾದರೆ ಪಕ್ಕದಿಂದ ಬೆಳಕು ಬೀಳಬೇಕು. ಟ್ಯೂಬ್‌ಲೈಟ್ ನೆತ್ತಿಯ ಮೇಲಿಂದ ಬಿದ್ದರೆ ಎಲ್ಲ ಚಪ್ಪಟೆ.

ಸಂಜೆಯದು ಇನ್ನೂ ಕಷ್ಟ. ಮೇಳದವರು ಹೊಲದ ಕೆಲಸ ಬಿಟ್ಟು ಐದಕ್ಕೇ ಬಂದು ಕೂತಿದ್ದರು. ಮುಖ್ಯ ಅತಿಥಿಗಳು ಬಂದಿದ್ದು ಏಳೂ ಮುಕ್ಕಾಲಿಗೆ. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಭಾಷಣ. ಹನ್ನೊಂದು ಜನಕ್ಕೆ ಶಾಲು ಹೊದಿಸಿದೆವು. ಮೊದಲ ಪದ ಎತ್ತುವ ಹೊತ್ತಿಗೆ ಒಂಬತ್ತೂ ಕಾಲು. ಹತ್ತಕ್ಕೆ ಮೈಕ್ ಬಂದ್. ಎರಡು ಮೇಳಕ್ಕೆ ಸೇರಿ ಮುಕ್ಕಾಲು ಗಂಟೆ.

ಆ ಮುಕ್ಕಾಲು ಗಂಟೆಯೂ ಸರಿ ನಡೆಯಲಿಲ್ಲ. ಭಜನಾ ಪದದಲ್ಲಿ ಮುಂದಿನವರು ಒಂದು ಸಾಲು ಹಾಡುತ್ತಾರೆ, ಹಿಂದಿನವರು ಅದರ ಕೊನೆ ಹಿಡಿದು ಎತ್ತಿಕೊಳ್ಳುತ್ತಾರೆ. ಆ ಎತ್ತಿಕೊಳ್ಳುವುದರಲ್ಲೇ ಪದದ ಜೀವ ಇರುವುದು. ಅದಕ್ಕೆ ಒಬ್ಬರ ದನಿ ಒಬ್ಬರಿಗೆ ಕೇಳಬೇಕು, ಒಬ್ಬರ ಮುಖ ಒಬ್ಬರಿಗೆ ಕಾಣಬೇಕು. ನಾವು ಅವರನ್ನು ವೇದಿಕೆ ಮೇಲೆ ಒಂದೇ ಸಾಲಿನಲ್ಲಿ ಜನರ ಕಡೆ ಮುಖ ಮಾಡಿ ಕೂರಿಸಿದ್ದೆವು. ಮುಂದಿನವರಿಗೆ ಒಂದು ಮೈಕು, ಹಾರ್ಮೋನಿಯಂಗೆ ಒಂದು. ಹಿಂದಿನವರಿಗೆ ಏನೂ ಇಲ್ಲ. ಹಾಡುವವರ ಕಡೆ ಮುಖ ಮಾಡಿದ ಒಂದೂ ಸ್ಪೀಕರ್ ಇರಲಿಲ್ಲ. ದೊಡ್ಡ ಡಬ್ಬಿಗಳಿಂದ ಹೊರಟ ದನಿ ಎದುರಿನ ಗೋಡೆಗೆ ಬಡಿದು ತಡವಾಗಿ ಇವರ ಕಿವಿಗೆ ವಾಪಸ್ ಬರುತ್ತಿತ್ತು. ತಬಲಾದವರು ಆ ವಾಪಸ್ ಬಂದ ದನಿಗೆ ಬಾರಿಸುತ್ತಿದ್ದರು, ತಾಳದವರು ಕಣ್ಣಿಗೆ ಕಂಡ ಕೈಗೆ ಬಾರಿಸುತ್ತಿದ್ದರು. ನಲವತ್ತು ವರ್ಷ ಜೊತೆಗೆ ಹಾಡಿದ ಜನ ನಮ್ಮ ಊರಿನವರ ಮುಂದೆಯೇ ತಾಳ ತಪ್ಪಿದರು. ತಪ್ಪು ಅವರದಲ್ಲ, ನಮ್ಮದು. ಆದರೆ ನಾಚಿಕೆ ಪಟ್ಟವರು ಅವರು.

ಲೆಕ್ಕವನ್ನೂ ಹೇಳಬೇಕು. ಆ ವರ್ಷ ಖರ್ಚಾಗಿದ್ದು ಸುಮಾರು 62,000 ರೂಪಾಯಿ. ಶಾಮಿಯಾನ, ಧ್ವನಿವರ್ಧಕ, ಫ್ಲೆಕ್ಸು, ಶಾಲು-ಹಾರ, ಅತಿಥಿಗಳ ಊಟ, ಇವೇ ಮುಕ್ಕಾಲು ಪಾಲು ನುಂಗಿದವು. ಕಲಾವಿದರ ಕೈಗೆ ಹೋಗಿದ್ದು ಎಲ್ಲ ಸೇರಿ 9,000. ಅದೂ ಐದು ವಾರ ತಡವಾಗಿ, ಒಂದು ಕಚೇರಿಯಿಂದ ಬರಬೇಕಿದ್ದ ದುಡ್ಡು ಬರಲಿ ಅಂತ ನಾವು ಕಾದದ್ದರಿಂದ.

ಒಂದು ವಾರದ ಮೇಲೆ ಮೇಳದ ಹಿರಿಯರು ಚಹಾದಂಗಡಿಯಲ್ಲಿ ಸಿಕ್ಕರು. ಒಗ್ಗರಣಿ-ಮಿರ್ಚಿ ತಿನ್ನುತ್ತ ಕೂತಿದ್ದರು, ನನ್ನನ್ನೂ ಕೂರಿಸಿಕೊಂಡರು. ಸಿಟ್ಟು ಮಾಡಲಿಲ್ಲ. ‘ತಮ್ಮಾ, ಪದ ಅನ್ನೂದು ಹಂಚಿದ್ದಂಗ. ಕಾಯೂತನಾ ರೊಟ್ಟಿ ಹಾಕಬಾರ್ದು. ನಮಗ ಮೊದಲನೇ ತಾಸು ದನಿ ಕಾಯಾಕನ ಬೇಕು. ನೀವು ಹಂಚು ಕಾಯೂದ್ರಾಗ ಒಲಿ ಆರಿಸಿದ್ರಿ’ ಅಂದರು. ಸುಮ್ಮನೆ ಹೋಲಿಕೆಗೆ ಹೇಳಿದ ಮಾತಲ್ಲ ಅದು. ಅವರ ದಮ್ಮಡಿಯ ಚರ್ಮವನ್ನೂ ಬೆಂಕಿಗೆ ಹಿಡಿದು ಕಾಯಿಸಿಯೇ ಬಾರಿಸಬೇಕು, ಇಲ್ಲದಿದ್ದರೆ ದನಿ ಮೊಂಡಾಗುತ್ತದೆ. ಆವತ್ತು ವೇದಿಕೆ ಹತ್ತಿರ ಬೆಂಕಿ ಹಾಕಲು ನಾವು ಬಿಟ್ಟಿರಲಿಲ್ಲ, ಬಟ್ಟೆಗೆ ಹತ್ತಿಕೊಂಡೀತು ಅಂತ.

ಅದೇ ವಾರ ಕಿನ್ನಾಳಕ್ಕೂ ಹೋದೆ, ಕೊಡಬೇಕಾದ ದುಡ್ಡು ತಡವಾಗುತ್ತದೆ ಅಂತ ಮುಖ ತೋರಿಸಿ ಹೇಳಲಿಕ್ಕೆ. ಚಿತ್ರಗಾರರು ಕೆಲಸ ನಿಲ್ಲಿಸದೆ ಮಾತಾಡಿದರು. ಹೊರಡುವಾಗ ಒಂದು ಮಾತು ಹೇಳಿದರು: ‘ಮಾಸ್ತರ, ಗೊಂಬಿ ನೋಡಿದ್ರ ಜನಾ ಎಷ್ಟು ಅಂತಾರ. ಮಾಡೂದು ನೋಡಿದ್ರ ಹೆಂಗ ಅಂತಾರ.’

ಈ ಎರಡು ಮಾತು ಇಟ್ಟುಕೊಂಡೇ ಮುಂದಿನ ವರ್ಷದ ಕೆಲಸ ಶುರು ಮಾಡಿದೆವು. ವೇದಿಕೆ ಬೇಡ, ಅತಿಥಿ ಬೇಡ, ಫ್ಲೆಕ್ಸು ಬೇಡ ಅಂತ ತೀರ್ಮಾನ ಆಯಿತು. ಇದು ಸುಲಭಕ್ಕೆ ಆಗಲಿಲ್ಲ. ನಮ್ಮಲ್ಲೇ ಇಬ್ಬರು, ಅತಿಥಿಗಳನ್ನು ಕರೆಯದಿದ್ದರೆ ದುಡ್ಡು ಹುಟ್ಟುವುದಿಲ್ಲ ಅಂತ ವಾದ ಮಾಡಿ ಸಭೆ ಬಿಟ್ಟು ಹೋದರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಬೇಡ ಅಂದ ಖರ್ಚು ಲೆಕ್ಕ ಹಾಕಿದರೆ ಹುಟ್ಟಬೇಕಾದ ದುಡ್ಡೇ ಕಡಿಮೆಯಾಯಿತು. ಊಟಕ್ಕೆ ದುಡ್ಡು ಕೇಳಲಿಲ್ಲ, ರೊಟ್ಟಿ ಕೇಳಿದೆವು. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರಿಂದ ರೊಟ್ಟಿ ಹೋಗುವ ಸೀಮೆ ನಮ್ಮದು. ಮನೆಗೆ ಹತ್ತು ರೊಟ್ಟಿ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಪಲ್ಯಕ್ಕೆ ಮೂರು ಮನೆಯವರು ನಿಂತರು.

ರಾತ್ರಿಯ ಹಾಡಿಗೆ ಹೊತ್ತಿನದೇ ಸಮಸ್ಯೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. 2010ರ ತಿದ್ದುಪಡಿಯ ನಂತರ ವಾದ್ಯಗಳಿಗೂ ಇದೇ ಮಾತು. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗೆ ಸರ್ಕಾರ ಹನ್ನೆರಡರ ತನಕ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ನಮ್ಮಂಥ ಸಣ್ಣ ಕಾರ್ಯಕ್ರಮಕ್ಕೆ ಅದು ಸಿಗುವ ಭರವಸೆ ಇಲ್ಲ. ಆದರೆ ಸಮುದಾಯ ಭವನದಂಥ ಮುಚ್ಚಿದ ಜಾಗದ ಒಳಗೆ, ಒಳಗಿನವರಿಗೆ ಕೇಳುವಷ್ಟಕ್ಕೆ, ಅಡ್ಡಿ ಇಲ್ಲ. ಇದು ಗೊತ್ತಾದ ಮೇಲೆ ಹಾಡನ್ನು ಒಳಗೆ ತರೋಣ, ಮೈಕ್ ಇಲ್ಲದೆ ಮಾಡೋಣ ಅಂದೆವು. ಠಾಣೆಗೆ ಹೋಗಿ ಬರಹದಲ್ಲಿ ತಿಳಿಸಿ ಬಂದೆವು. ಹತ್ತಾದ ಮೇಲೆ ಬೀದಿ ಕಡೆಯ ಕಿಟಕಿ ಮುಚ್ಚುತ್ತೇವೆ ಅಂತ ಅಕ್ಕಪಕ್ಕದ ಮನೆಗಳಿಗೂ ಹೇಳಿದೆವು. ಒಬ್ಬ ಬಾಣಂತಿ ಇದ್ದ ಮನೆಗೆ ಎರಡು ಸಲ ಹೋಗಿ ಕೇಳಿ ಬಂದೆವು.

ಭವನ ಖಾಲಿ ಇದ್ದಾಗ ಒಳಗೆ ಹೋಗಿ ಒಂದು ಪದ ಹಾಡಿಸಿ ನೋಡಿದಾಗ ಎದೆ ಧಸಕ್ ಅಂತು. ಸಿಮೆಂಟಿನ ನಾಲ್ಕು ಗೋಡೆ, ಗ್ರಾನೈಟ್ ನೆಲ, ಆರ್‌ಸಿಸಿ ಮಾಳಿಗೆ. ಒಂದು ಚಪ್ಪಾಳೆ ತಟ್ಟಿದರೆ ಗೋಡೆಯೂ ತಿರುಗಿ ತಟ್ಟುತ್ತಿತ್ತು. ಮಾತು ಮಾತಿನ ಮೇಲೆ ಬಿದ್ದು ಸಾಹಿತ್ಯವೇ ತಿಳಿಯುತ್ತಿರಲಿಲ್ಲ. ತತ್ವಪದದಲ್ಲಿ ಮಾತು ತಿಳಿಯದಿದ್ದರೆ ಉಳಿದದ್ದೇನು? ಹಳೆಯ ಮಠದ ಪಡಸಾಲೆಯಲ್ಲಿ ಹೀಗಾಗುತ್ತಿರಲಿಲ್ಲ, ಅಲ್ಲಿ ಮಣ್ಣಿನ ಮಾಳಿಗೆ, ಕಟ್ಟಿಗೆಯ ಕಂಬ, ಒರಟು ಗೋಡೆ. ಆದರೆ ಅಲ್ಲಿ ಜಾಗ ಸಾಲದು. ಏನು ಮಾಡುವುದು ತಿಳಿಯದೆ ಹಾಗೇ ಬಿಟ್ಟೆವು.

ದಾರಿ ಸಿಕ್ಕಿದ್ದು ಕೌದಿಯಿಂದ. ಈ ಸಲ ಮಡಚಿ ಇಡುವುದು ಬೇಡ, ಬಿಚ್ಚಿ ತೂಗುಹಾಕೋಣ ಅಂತ ಹೆಣ್ಣುಮಕ್ಕಳೇ ಹೇಳಿದ್ದರು. ಹಿಂದಿನ ದಿನ ಕಿಟಕಿ ಸರಳಿನಿಂದ ಸರಳಿಗೆ ಹಗ್ಗ ಕಟ್ಟಿ ಮೂರು ಗೋಡೆಗೂ ಕೌದಿ ತೂಗಿದೆವು. ಹಗ್ಗ ಗೋಡೆಗೆ ಅಂಟಿರಲಿಲ್ಲ, ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು ತೂಗುತ್ತಿತ್ತು. ಕಿಟಕಿಯ ಬೆಳಕು ಓರೆಯಾಗಿ ಬಿದ್ದು ಹೊಲಿಗೆಯ ಒಂದೊಂದು ಸಾಲೂ ಎದ್ದು ಕಂಡಿತು. ಮೂವತ್ತೊಂದು ಕೌದಿ. ಅಜ್ಜಿಯ ಸೀರೆ, ಅಪ್ಪನ ಧೋತರ, ಮಗುವಿನ ಅಂಗಿ ಎಲ್ಲ ಅದರಲ್ಲಿ. ಹಗ್ಗ ಬಿಗಿಯುತ್ತಿದ್ದ ಹುಡುಗನೊಬ್ಬ ಕೂಗಿ ಮಾತಾಡುತ್ತಿದ್ದವನು ಒಮ್ಮೆಲೇ, ‘ಸರ್, ದನಿ ಬದಲಾತು’ ಅಂದ. ಚಪ್ಪಾಳೆ ತಟ್ಟಿ ನೋಡಿದೆ. ಗೋಡೆ ತಿರುಗಿ ತಟ್ಟಲಿಲ್ಲ.

ದಪ್ಪ ಬಟ್ಟೆ ದನಿಯನ್ನು ಹೀರುತ್ತದೆ, ಗೋಡೆಗೂ ಬಟ್ಟೆಗೂ ನಡುವೆ ಸ್ವಲ್ಪ ಜಾಗ ಇದ್ದರೆ ಇನ್ನೂ ಚೆನ್ನಾಗಿ ಹೀರುತ್ತದೆ. ಊರಿನ ಸಿನಿಮಾ ಟಾಕೀಸಿನ ಗೋಡೆಗೆ ದಪ್ಪ ಪರದೆ ಬಿಡುತ್ತಿದ್ದದ್ದು ಇದಕ್ಕೇ. ಕೌದಿಯಲ್ಲಿ ನಾಲ್ಕೈದು ಪದರ ಹಳೆ ಹತ್ತಿ ಬಟ್ಟೆ ಇರುತ್ತದೆ. ಇದಕ್ಕಿಂತ ಒಳ್ಳೆಯ ಪರದೆಯನ್ನು ದುಡ್ಡು ಕೊಟ್ಟು ತರಲು ನಮ್ಮಿಂದ ಆಗುತ್ತಿರಲಿಲ್ಲ. ಮೊದಲ ವರ್ಷ ಇದೇ ಕೌದಿಗಳು ಒಳಗೆ ಟೇಬಲ್ ಮೇಲೆ ಮಡಚಿಕೊಂಡು ಬಿದ್ದಿದ್ದವು, ಹಾಡು ಹೊರಗೆ ಗೋಡೆಗೆ ಬಡಿಯುತ್ತಿತ್ತು.

ಹಗಲಿನ ಪ್ರದರ್ಶನ ಶುರುವಾಗಿದ್ದು ಭವನದ ಮುಂದಿನ ಬೇವಿನ ಕಟ್ಟೆಯಲ್ಲಿ. ಚಿತ್ರಗಾರರು ಈ ಸಲ ಮಾಡಿಟ್ಟ ಗೊಂಬೆ ಕಡಿಮೆ ತಂದರು, ಅರ್ಧಂಬರ್ಧ ಆದವನ್ನು ಜಾಸ್ತಿ ತಂದರು. ಒಂದು ಹಗುರ ಕಟ್ಟಿಗೆಯ ತುಂಡು. ಅದೇ ತುಂಡು ಕೆತ್ತಿದ ಮೇಲೆ. ಕೈ ಕಾಲು ಅಂಟಿಸಿದ ಮೇಲೆ. ಕಿಟ್ಟ ಮೆತ್ತಿದ ಮೇಲೆ. ಗೋಣಿ ನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಪುಡಿ ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸಿದರೆ ಕಿಟ್ಟ. ಅದರ ಮೇಲೆ ಸಣ್ಣ ಸಣ್ಣ ಹತ್ತಿ ಬಟ್ಟೆಯ ಚೂರು, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಅದು ಒಣಗಿದ ಮೇಲೆ ಬಣ್ಣ. ಒಡವೆ ಉಬ್ಬಿ ಕಾಣುವುದೂ ಕಲ್ಲು ಪುಡಿ ಮತ್ತು ಅಂಟಿನ ಕೈಚಳಕ. ಎಲ್ಲವನ್ನೂ ಸಾಲಾಗಿ ಇಟ್ಟು, ‘ಮುಟ್ರಿ, ಎತ್ತಿ ನೋಡ್ರಿ’ ಅಂದರು. ಮೊದಲು ಬಂದದ್ದು ಮಕ್ಕಳು, ಆಮೇಲೆ ಬಡಿಗೇರರು, ಆಮೇಲೆ ಎಲ್ಲರೂ. ಮಧ್ಯಾಹ್ನ ಎರಡರ ಬಿಸಿಲಿನಲ್ಲೂ ಕಟ್ಟೆ ಖಾಲಿ ಆಗಲಿಲ್ಲ.

ಆಗ ಒಂದು ಸಂಗತಿ ನಡೆಯಿತು. ಕಂಬಳಿ ನೇಯುವ ಮನೆಯ ಅಜ್ಜಿಯೊಬ್ಬರು ಅಂಟಿನ ಗಡಿಗೆಗೆ ಬೆರಳು ಅದ್ದಿ ಮೂಸಿ ನೋಡಿ, ‘ಯಪ್ಪಾ, ಇದು ನಮ್ಮ ಕಂಬಳಿಗೆ ಹಚ್ಚೂ ಗಂಜಿ ಅಲ್ಲೇನು?’ ಅಂದರು. ಹೌದು, ಉಣ್ಣೆಯ ಎಳೆ ಗಟ್ಟಿಯಾಗಲಿ ಅಂತ ನಮ್ಮ ಕಡೆ ಹುಣಸೆ ಬೀಜದ ಗಂಜಿಯನ್ನೇ ಹಚ್ಚುತ್ತಾರೆ. ಇಬ್ಬರೂ ಬೀಜ ಹುರಿಯುವುದು ಎಷ್ಟು, ನೆನೆಸುವುದು ಎಷ್ಟು ಹೊತ್ತು, ಸಿಪ್ಪೆ ತೆಗೆಯುವುದು ಹೇಗೆ ಅಂತ ಒಂದು ತಾಸು ಮಾತಾಡಿದರು. ಚಿತ್ರಗಾರರು ತಮ್ಮ ಅಂಟು ಮಳೆಗಾಲದಲ್ಲಿ ಬೇಗ ಹುಳಿಯುತ್ತದೆ ಅಂದರು, ಅಜ್ಜಿ ತಾವು ಏನು ಮಾಡುತ್ತೇವೆ ಅಂತ ಹೇಳಿದರು. ಸುತ್ತ ಮೂವತ್ತು ಜನ ನಿಂತು ಕೇಳುತ್ತಿದ್ದರು. ನಾನು ನೋಡಿದ ಎಲ್ಲ ಕಲಾ ಪ್ರದರ್ಶನಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಆವತ್ತು ಹದಿನಾಲ್ಕು ಗೊಂಬೆ ಮಾರಿದವು, ಎಲ್ಲ ಸಣ್ಣವು. ದೊಡ್ಡ ಗರುಡ ಹಾಗೇ ವಾಪಸ್ ಹೋಯಿತು.

ಕಟ್ಟೆಯ ಇನ್ನೊಂದು ಬದಿಗೆ ಕೌದಿಯವರು ಕೂತಿದ್ದರು. ಒಂದು ಹೊಸ ಕೌದಿ ಹಾಸಿ ಐದು ಜನ ಐದು ಕಡೆಯಿಂದ ಹೊಲಿಯುತ್ತಿದ್ದರು. ಹಾಡುತ್ತೀರಾ ಅಂತ ಮೊದಲೇ ಕೇಳಿದ್ದಾಗ, ‘ಗಂಡಸರ ಮುಂದ ನಾವು ಹಾಡೂದಿಲ್ರಿ’ ಅಂತ ಖಡಾಖಂಡಿತ ಹೇಳಿದ್ದರು. ನಾವೂ ಬಿಟ್ಟಿದ್ದೆವು. ಹನ್ನೊಂದರ ಸುಮಾರಿಗೆ ಒಬ್ಬರು ಸಣ್ಣಗೆ ಬೀಸುವ ಪದ ಎತ್ತಿದರು, ಉಳಿದವರು ಸೇರಿಕೊಂಡರು. ಸೂಜಿಯ ಓಟಕ್ಕೂ ಪದದ ಓಟಕ್ಕೂ ತಾಳೆ ಆಗುತ್ತಿತ್ತು. ಅಷ್ಟರಲ್ಲಿ ಒಬ್ಬ ಹುಡುಗ ಮೊಬೈಲ್ ಎತ್ತಿ ಹಿಡಿದ, ಹಾಡು ಅಲ್ಲಿಗೇ ನಿಂತಿತು. ಒಬ್ಬರು ಸೆರಗು ಎಳೆದುಕೊಂಡು ಎದ್ದೇ ಹೋದರು. ಹುಡುಗ ಕೆಟ್ಟವನಲ್ಲ, ಅವನಿಗೆ ಇಷ್ಟವಾಗಿತ್ತು, ಅಷ್ಟೇ. ಕಟ್ಟೆಯ ಮೇಲೆ ಮೊಬೈಲ್ ಎತ್ತುವಂತಿಲ್ಲ ಅಂತ ಆವಾಗಲೇ ಎಲ್ಲರಿಗೂ ಹೇಳಿದೆವು. ಎದ್ದು ಹೋದ ಅಕ್ಕ ಊಟದ ಮೇಲೆ ವಾಪಸ್ ಬಂದು ಕೂತರು, ನಾಲ್ಕಕ್ಕೆ ಮತ್ತೆ ಹಾಡು ಶುರುವಾಯಿತು. ಇದನ್ನು ಮೊದಲೇ ಯೋಚಿಸಬೇಕಿತ್ತು. ಬೇರೆ ಊರಿನವರು ಮಾಡುವುದಾದರೆ ಈ ಒಂದು ಮಾತು ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ, ಹಾಡುವವರನ್ನೇ ಕೇಳಿ.

ರಾತ್ರಿ ಎಂಟಕ್ಕೆ ಮೇಳ ಕೂತಿತು. ಅದಕ್ಕೂ ಮುಂಚೆ, ಚಹಾ ಕೊಡುವಾಗಲೇ, ಲಕೋಟೆಯಲ್ಲಿ ದುಡ್ಡು ಕೈಗೆ ಕೊಟ್ಟಾಗಿತ್ತು. ಒಟ್ಟು ಖರ್ಚು ಈ ಸಲ 27,000, ಅದರಲ್ಲಿ ಕಲಾವಿದರಿಗೆ 16,000. ಮೇಳವನ್ನು ಭವನದ ನಡುವೆ ಜಮಖಾನದ ಮೇಲೆ ಒಬ್ಬರಿಗೊಬ್ಬರು ಮುಖ ಮಾಡಿ ಕೂರಿಸಿದೆವು, ಅಮವಾಸ್ಯೆಗೆ ಮಠದಲ್ಲಿ ಕೂರುವ ಹಾಗೆಯೇ. ಜನ ಸುತ್ತಲೂ. ಬಾಗಿಲ ಹೊರಗೆ ಒಂದು ಬಾಂಡ್ಲಿಯಲ್ಲಿ ಕೆಂಡ, ದಮ್ಮಡಿಗೆ. ಇನ್ನೂರು ಜನ ಇದ್ದಿರಬಹುದು. ಮೊದಲ ಅರ್ಧ ಗಂಟೆ ಗುಸುಗುಸು ನಿಲ್ಲಲಿಲ್ಲ, ಮೈಕ್ ಇಲ್ಲವಲ್ಲ ಅಂತ ಕೆಲವರು ಎದ್ದು ಹೋದರು. ಕಿವಿ ಮಂದ ಇದ್ದ ಹಿರಿಯರನ್ನು ಮುಂದೆ ಕರೆದು ಕೂರಿಸಿದೆವು. ಮೈಕ್ ಇಲ್ಲದಿದ್ದರೆ ಜನ ತಾವಾಗಿಯೇ ಸುಮ್ಮನಾಗುತ್ತಾರೆ, ಇದನ್ನು ನಾನು ಕಣ್ಣಾರೆ ಕಂಡೆ, ಆದರೆ ಅದಕ್ಕೆ ಒಂದಿಷ್ಟು ಹೊತ್ತು ಬೇಕು. ಒಂಬತ್ತರ ಮೇಲೆ ಹಿಂದಿನ ಗೋಡೆಗೆ ಒರಗಿ ಕೂತ ನನಗೂ ಒಂದೊಂದು ಮಾತು ಬಿಡಿಸಿ ಕೇಳುತ್ತಿತ್ತು. ಹತ್ತಕ್ಕೆ ಕಿಟಕಿ ಮುಚ್ಚಿದೆವು. ಹತ್ತೂವರೆಗೆ, ಚಹಾದಂಗಡಿಯಲ್ಲಿ ಹಂಚಿನ ಮಾತು ಹೇಳಿದ್ದ ಮೇಳದ ಹಿರಿಯರು ಹಾರ್ಮೋನಿಯಂ ಮೇಲಿಂದ ಕೈ ತೆಗೆಯದೆ ನನ್ನ ಕಡೆ ನೋಡಿ, ‘ತಮ್ಮಾ, ಈಗ ಕಾದೈತಿ’ ಅಂದರು. ಆಮೇಲೆ ಹಾಡಿದ್ದು ಮೂರು ತಾಸು. ಎರಡೂ ಮೇಳದವರು ನಡುವೆ ಒಬ್ಬರ ಪದಕ್ಕೆ ಇನ್ನೊಬ್ಬರು ಪದದಲ್ಲೇ ಉತ್ತರ ಕೊಡಲು ಶುರು ಮಾಡಿದರು. ಅದು ಹಳೆ ಪದ್ಧತಿ, ನಮ್ಮ ಹುಡುಗರು ಕೇಳಿದ್ದು ಅದೇ ಮೊದಲು. ಒಂದೂವರೆಗೆ ಮುಗಿದಾಗ ಎಪ್ಪತ್ತು ಜನ ಇನ್ನೂ ಕೂತಿದ್ದರು.

ಸರಿ ಹೋಗದ್ದೂ ಇದೆ. ಶಾಲೆ ಮಕ್ಕಳ ಚಿತ್ರಗಳನ್ನು ಈ ಸಲವೂ ಮೂಲೆಯಲ್ಲಿ ಅಂಟಿಸಿದೆವು, ಈ ಸಲವೂ ಅವರ ತಾಯಂದಿರು ಬಿಟ್ಟರೆ ಯಾರೂ ನೋಡಲಿಲ್ಲ. ದೊಡ್ಡಾಟದವರನ್ನು ಅವರ ಭುಜಕಿರೀಟ, ಎದೆಹಾರ ಸಮೇತ ಕರೆಸಬೇಕು ಅಂತಿತ್ತು. ನಾವು ಗೊತ್ತು ಮಾಡಿದ ದಿನ ಜೋಳದ ರಾಶಿಯ ಹೊತ್ತಿಗೆ ಬಂದು ಅವರಿಗೆ ಬಿಡುವಾಗಲಿಲ್ಲ. ದಿನ ಗೊತ್ತು ಮಾಡುವ ಮೊದಲು ಅವರನ್ನು ಕೇಳದೇ ಇದ್ದದ್ದು ನಮ್ಮ ತಪ್ಪು. ತಡರಾತ್ರಿಯ ಹಾಡಿಗೆ ಹೆಣ್ಣುಮಕ್ಕಳು ಹೆಚ್ಚು ಹೊತ್ತು ಕೂರಲು ಆಗಲಿಲ್ಲ. ಹನ್ನೊಂದರ ಮೇಲೆ ಬೀದಿಯಲ್ಲಿ ದೀಪ ಇರಲಿಲ್ಲ, ಮನೆಗೆ ಬಿಟ್ಟು ಬರುವ ವ್ಯವಸ್ಥೆಯನ್ನು ನಾವು ಮಾಡಿರಲಿಲ್ಲ. ಪದ ಕಾದದ್ದು ಹತ್ತೂವರೆಗೆ. ಅಂದರೆ ಕೌದಿ ಕೊಟ್ಟವರಿಗೇ ಒಳ್ಳೆಯ ಹಾಡು ತಪ್ಪಿತು. ಇದು ನನ್ನನ್ನು ತುಂಬಾ ಕಾಡುತ್ತಿದೆ. ಮುಂದಿನ ಸಲ ಸಂಜೆ ಐದಕ್ಕೇ ಮೇಳ ಕೂರಲಿ, ಹಗಲು ಆಮೇಲೆ ರಾತ್ರಿ ಅನ್ನುವ ಭಾಗವೇ ಬೇಡ ಅಂತ ಅವರಲ್ಲೇ ಒಬ್ಬರು ಹೇಳಿದ್ದಾರೆ. ಮೇಳದವರು ಒಪ್ಪಿದ್ದಾರೆ.

ದಿನ ಇನ್ನೂ ಗೊತ್ತಾಗಿಲ್ಲ, ರಾಶಿ ಮುಗಿದ ಮೇಲೆ ಅಂತ ಮಾತ್ರ ಆಗಿದೆ. ಈಗ ಹುಣಸೆ ಬಡಿಯುವ ಕಾಲ. ಬೀಜ ಎಸೆಯಬೇಡಿ, ಒಂದು ಚೀಲ ಕೂಡಿಸಿಡಿ ಅಂತ ಕಿನ್ನಾಳದಿಂದ ಫೋನ್ ಬಂದಿದೆ. ಕಂಬಳಿಯ ಅಜ್ಜಿಯ ಮನೆ ಅಂಗಳದಲ್ಲಿ ಆಗಲೇ ಅರ್ಧ ಚೀಲ ಒಣಗುತ್ತಿದೆ.